ಓದಲು ತಿಣುಕುವ ಮಕ್ಕಳಿಗಾಗಿ ಕನ್ನಡ ಪುಸ್ತಕ: ಹಸ್ತಪ್ರತಿಯಿಂದ ಶಾಲೆಯ ಕಪಾಟಿನವರೆಗೆ

ಏಳನೇ ತರಗತಿಯ ಹುಡುಗನ ಓದು ಎರಡನೇ ತರಗತಿಯ ಮಟ್ಟದಲ್ಲೇ ನಿಂತಿದ್ದರೆ ದೊಡ್ಡವರು ಅವನ ಕೈಗೆ ಕೊಡುವುದು ಮೊಲ, ಆಮೆ, ಗುಬ್ಬಚ್ಚಿಯ ಪುಸ್ತಕ. ಅವನು ಅದನ್ನು ಮುಟ್ಟುವುದಿಲ್ಲ, ಪಕ್ಕದ ಬೆಂಚಿನವರು ನೋಡುತ್ತಾರಲ್ಲ. ಅವನ ವಯಸ್ಸಿಗೆ ಒಪ್ಪುವ ಕತೆ ಕೊಟ್ಟರೆ ಮೊದಲ ಪುಟದಲ್ಲೇ ಒತ್ತಕ್ಷರಗಳ ಸಾಲು ಎದುರಾಗಿ ಪುಸ್ತಕ ಮುಚ್ಚುತ್ತದೆ. ಈ ಎರಡರ ನಡುವೆ ನಿಲ್ಲುವ ಪುಸ್ತಕ ಕನ್ನಡಕ್ಕೆ ತುರ್ತಾಗಿ ಬೇಕು. ಕತೆ ಮಗುವಿನ ವಯಸ್ಸಿನದಾಗಿರಬೇಕು, ಬರಹ ಮಗುವಿನ ಓದಿನ ಮಟ್ಟದ್ದಾಗಿರಬೇಕು. ಕೆಳಗಿನ ಎಲ್ಲ ಹಂತಗಳೂ ಇದೊಂದನ್ನು ಸಾಧಿಸಲಿಕ್ಕಾಗಿಯೇ.

ಇಂಗ್ಲಿಷಿನಲ್ಲಿ ಈ ಕೆಲಸವನ್ನೇ ಮುಖ್ಯವಾಗಿ ಮಾಡುವ ಪ್ರಕಾಶನಗಳಿವೆ. ಎಡಿನ್‌ಬರ್ಗ್‌ನಲ್ಲಿ 1998ರಲ್ಲಿ ಶುರುವಾದ ಬ್ಯಾರಿಂಗ್ಟನ್ ಸ್ಟೋಕ್ ಅವುಗಳಲ್ಲಿ ಹೆಸರಾದದ್ದು. ಅವರ ಉದ್ದೇಶವನ್ನು ತೆಗೆದುಕೊಳ್ಳಬಹುದು, ನಿಯಮಗಳನ್ನು ಹಾಗೇ ಎತ್ತಿಕೊಳ್ಳಲಾಗದು. ಇಂಗ್ಲಿಷ್ ಮಗು ಎಡವುವುದು ಬರೆದಂತೆ ಉಚ್ಚರಿಸದ ಕಾಗುಣಿತದಲ್ಲಿ. ಕನ್ನಡ ಮಗು ಎಡವುವುದು ಅಕ್ಷರಗಳ ಸಂಖ್ಯೆ, ಒತ್ತು, ಸಂಧಿ ಮತ್ತು ಪದದ ಉದ್ದದಲ್ಲಿ.

ಹಂತ 1: ಯಾವ ಮಗುವಿಗೆ ಎಂದು ಮೊದಲು ತೀರ್ಮಾನಿಸಿ

ಬೆಂಗಳೂರಿನಲ್ಲಿ ಕನ್ನಡ ಓದಲು ಹಿಂಜರಿಯುವ ಮಕ್ಕಳಲ್ಲಿ ನಾಲ್ಕು ಬಗೆಯವರಿದ್ದಾರೆ. ಅಕ್ಷರ ಬರುತ್ತದೆ, ಕಾಗುಣಿತ ತಡವರಿಸುತ್ತದೆ ಎನ್ನುವವರು ಒಂದು ಬಗೆ. ಕಾಗುಣಿತ ದಾಟಿ ಒತ್ತಕ್ಷರದಲ್ಲಿ ನಿಂತವರು ಇನ್ನೊಂದು ಬಗೆ. ಮೂರನೆಯವರು ಇಂಗ್ಲಿಷ್ ಮಾಧ್ಯಮದವರು, ಕನ್ನಡವನ್ನು ಅರಳು ಹುರಿದಂತೆ ಮಾತಾಡುತ್ತಾರೆ, ಓದಲು ಮಾತ್ರ ಬೇಸರ. ನಾಲ್ಕನೆಯವರ ಮನೆಮಾತು ತಮಿಳು, ತೆಲುಗು, ಉರ್ದು ಅಥವಾ ಹಿಂದಿ. ಅವರಿಗೆ ಅಕ್ಷರ ಕೂಡಿಸಲು ಬಂದರೂ ಪದದ ಅರ್ಥ ಹೊಳೆಯುವುದಿಲ್ಲ. ಒಂದೇ ಪುಸ್ತಕ ನಾಲ್ವರಿಗೂ ಆಗಲಿ ಎಂದು ಹೊರಟರೆ ಯಾರಿಗೂ ಆಗದ ಪುಸ್ತಕ ಬರುತ್ತದೆ. ಮೊದಲ ಪುಸ್ತಕಕ್ಕೆ ಎರಡನೇ ಬಗೆಯ ಮಕ್ಕಳನ್ನು ಇಟ್ಟುಕೊಳ್ಳಿ. ಅವರ ಸಂಖ್ಯೆ ದೊಡ್ಡದು, ಮೂರನೇ ಬಗೆಯವರೂ ಅದೇ ಪುಸ್ತಕವನ್ನು ಓದಬಲ್ಲರು.

ಓದು ಬರಹವೇ ಕಷ್ಟವಾಗುವ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಇರುವ ಮಕ್ಕಳೂ ಇವರ ನಡುವೆ ಇರುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇದಕ್ಕೆ ಮಾನ್ಯತೆ ಇದೆ. ಅದನ್ನು ಗುರುತಿಸುವುದು ತಜ್ಞರ ಕೆಲಸ, ಪ್ರಕಾಶಕರದಲ್ಲ. ಪುಸ್ತಕದ ಮೇಲೆ "ಡಿಸ್ಲೆಕ್ಸಿಯಾಕ್ಕೆ ಪರಿಹಾರ" ಎಂಬ ಧಾಟಿಯ ಮಾತು ಹಾಕಲೇಬೇಡಿ.

ಹಂತ 2: ಕತೆ ಆರಿಸುವುದು

ಹತ್ತರಿಂದ ಹದಿಮೂರರ ಮಕ್ಕಳಿಗೆ ಹಿಡಿಸುವುದು ಅಪಾಯ, ಗುಟ್ಟು, ಸ್ಪರ್ಧೆ, ಭಯ ಮತ್ತು ನಗು. ಗಲ್ಲಿ ಕ್ರಿಕೆಟ್ಟಿನ ಜಗಳ, ಮೆಟ್ರೋ ನಿಲ್ದಾಣದಲ್ಲಿ ಕಳೆದುಹೋದ ಮೊಬೈಲು, ಮಳೆನೀರು ನುಗ್ಗಿದ ರಾತ್ರಿಯ ಬಡಾವಣೆ, ಮನೆಯೊಳಗೆ ಬಂದ ಹಾವು, ಖಾಲಿ ಬಿದ್ದ ಕಟ್ಟಡದ ಟೆರೇಸು ಇಂಥವು ಸಾಕಷ್ಟಿವೆ. ಕತೆಯಲ್ಲದ ಪುಸ್ತಕವೂ ಇವರಿಗೆ ಬೇಕು. ಕತೆ ಓದಲು ಒಲ್ಲದ ಅನೇಕ ಮಕ್ಕಳು ಸೈಕಲ್ ಪಂಚರ್ ಹಾಕುವುದು, ಹಾವಿನ ಹಲ್ಲು, ಮೆಟ್ರೋ ಸುರಂಗ ಕೊರೆಯುವ ಯಂತ್ರ ಎಂದರೆ ಹತ್ತಿರ ಬಂದು ಕೂರುತ್ತಾರೆ. ಕೊನೆಯ ಪುಟದಲ್ಲಿ ನೀತಿ ಹೇಳುವ ಹಸ್ತಪ್ರತಿ ಬಂದರೆ ಆ ಪುಟವನ್ನು ತೆಗೆದುಹಾಕಲು ಲೇಖಕರನ್ನು ಒಪ್ಪಿಸಿ. ದಿನವಿಡೀ ಬುದ್ಧಿಮಾತು ಕೇಳಿಸಿಕೊಳ್ಳುವ ಮಗು ಪುಸ್ತಕದಲ್ಲೂ ಅದನ್ನೇ ಹುಡುಕಿಕೊಂಡು ಬರುವುದಿಲ್ಲ.

ಕತೆಯ ಮೊದಲ ಪುಟದಲ್ಲೇ ಏನಾದರೂ ಆಗಬೇಕು. ಊರಿನ ವರ್ಣನೆ, ಮನೆಯವರ ಪರಿಚಯ ಎಲ್ಲ ಆಮೇಲೆ. ಪಾತ್ರಗಳು ನಾಲ್ಕಕ್ಕಿಂತ ಹೆಚ್ಚು ಬೇಡ, ಹೆಸರುಗಳ ಮೊದಲ ಅಕ್ಷರ ಬೇರೆ ಬೇರೆ ಇರಲಿ. ರಾಜು, ರಾಮು, ರವಿ ಒಂದೇ ಕತೆಯಲ್ಲಿದ್ದರೆ ನಿಧಾನವಾಗಿ ಓದುವ ಮಗುವಿಗೆ ಮೂವರೂ ಒಬ್ಬನೇ.

ಕೈಯಲ್ಲಿ ಲೇಖಕರಿಲ್ಲದಿದ್ದರೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ಕತೆಗಳ ಜಾಲತಾಣ ನೋಡಿ. ಅಲ್ಲಿನ ಕತೆಗಳನ್ನು ನಾಲ್ಕು ಓದಿನ ಮಟ್ಟಗಳಲ್ಲಿ ವಿಂಗಡಿಸಿದ್ದಾರೆ. ಬಹುಪಾಲು ಕತೆಗಳಿಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇದೆ, ಲೇಖಕರು, ಚಿತ್ರಕಾರರು, ಅನುವಾದಕರ ಹೆಸರು ಹಾಕಿ ಬಳಸಬಹುದು. ಪ್ರತಿ ಕತೆಯ ಪರವಾನಗಿ ಸಾಲನ್ನು ಬೇರೆಯಾಗಿಯೇ ಓದಿ.

ಹಂತ 3: ಬರಹವನ್ನು ಹಗುರ ಮಾಡುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡುವುದು ಇದು. ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ.

"ಸೂರ್ಯಾಸ್ತದ ಸಮಯದಲ್ಲಿ ಮೈದಾನದಿಂದ ಹಿಂತಿರುಗುತ್ತಿದ್ದ ರಾಜುವಿಗೆ ಚರಂಡಿಯೊಳಗಿನಿಂದ ವಿಚಿತ್ರವಾದ ಶಬ್ದವೊಂದು ಕೇಳಿಸಿತು."

ಒಂಬತ್ತು ಪದ, ಏಳು ಒತ್ತಕ್ಷರ. "ಚರಂಡಿಯೊಳಗಿನಿಂದ" ಒಂದರಲ್ಲೇ ಎಂಟು ಅಕ್ಷರ. ಕ್ರಿಯಾಪದ ಬರುವ ಹೊತ್ತಿಗೆ ಮಗು ಮೊದಲ ಪದವನ್ನೇ ಮರೆತಿರುತ್ತದೆ. ಅದೇ ಸಂಗತಿ ಹೀಗೂ ಬರಬಹುದು:

"ಸಂಜೆ ಆಯಿತು. ಆಟ ಮುಗಿಯಿತು. ರಾಜು ಮನೆ ಕಡೆ ಹೊರಟ. ಚರಂಡಿ ಒಳಗೆ ಏನೋ ಸದ್ದು! ರಾಜು ನಿಂತ."

ಹದಿನಾಲ್ಕು ಪದ, ಒಂದೇ ಒತ್ತಕ್ಷರ, ಅದೂ "ಸದ್ದು" ಎಂಬಲ್ಲಿನ ಸಜಾತೀಯ ಒತ್ತು, ಅಂದರೆ ಅದೇ ಅಕ್ಷರದ ಒತ್ತು. ಕುತೂಹಲ ಸ್ವಲ್ಪವೂ ಕಡಿಮೆಯಾಗಿಲ್ಲ.

ಬರಹ ಹಗುರ ಮಾಡುವಾಗ ನೋಡಬೇಕಾದವನ್ನು ಬಿಡಿಸಿ ಹೇಳುವುದಾದರೆ, ಮೊದಲನೆಯದು ಸಂಧಿ ಬಿಡಿಸುವುದು. "ಶಬ್ದವೊಂದು", "ಹೋಗಬೇಕೆಂದು", "ಮನೆಯಲ್ಲಿಲ್ಲ" ಇಂಥ ಕಡೆ ಪದಗಳನ್ನು ಬೇರೆ ಮಾಡಿ. "ಮನೆಯಲ್ಲಿ ಇಲ್ಲ" ಎಂದು ಬರೆದರೆ ವ್ಯಾಕರಣಕ್ಕೇನೂ ಧಕ್ಕೆಯಿಲ್ಲ. ಒಂದು ಪದ ಐದು ಅಕ್ಷರ ಮೀರಿದರೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಒಡೆಯಬಹುದೇ ನೋಡಿ.

ಎರಡನೆಯದು ಕಾಲ. "ಬರುತ್ತಾನೆ, ನೋಡುತ್ತಾಳೆ" ಎಂದು ವರ್ತಮಾನದಲ್ಲಿ ಬರೆದರೆ ಪ್ರತಿ ಕ್ರಿಯಾಪದಕ್ಕೂ ಒಂದು ಒತ್ತು ಅಂಟುತ್ತದೆ. "ಬಂದ, ನೋಡಿದಳು, ಓಡಿದ, ಹೋದಳು" ಎಂದರೆ ಒತ್ತೇ ಇಲ್ಲ. ಭೂತಕಾಲಕ್ಕೆ ಬದಲಿಸಿದ ಮಾತ್ರಕ್ಕೇ ಪುಟ ಹಗುರವಾಗುತ್ತದೆ.

ಮೂರನೆಯದು ಆಡುಮಾತು. ಮಕ್ಕಳಿಗೆ ಹತ್ತಿರವಾಗಲಿ ಎಂದು "ಬರ್ತಾನೆ, ಹೋಗ್ತಾಳೆ, ಮಾಡ್ತೀನಿ" ಎಂದು ಬರೆಯುವ ರೂಢಿಯಿದೆ. ಕಿವಿಗೆ ಇದು ಸಲೀಸು, ಕಣ್ಣಿಗೆ ಕಷ್ಟ. "ಬರುತ್ತಾನೆ"ಯಲ್ಲಿ ತಕಾರಕ್ಕೆ ತಕಾರದ್ದೇ ಒತ್ತು. "ಬರ್ತಾನೆ"ಯಲ್ಲಿ ಅರ್ಕಾವತ್ತು, ಅಂದರೆ ಮೊದಲು ಉಚ್ಚರಿಸಬೇಕಾದ ರಕಾರ ಬರಹದಲ್ಲಿ ಆಮೇಲೆ ಬರುತ್ತದೆ, ಕಣ್ಣು ಹಿಂದಕ್ಕೆ ಹೋಗಬೇಕು. "ಹೋಗ್ತಾಳೆ"ಯಲ್ಲಿ ಗಕಾರಕ್ಕೆ ತಕಾರದ ಒತ್ತು, ಪಠ್ಯಪುಸ್ತಕದಲ್ಲಿ ಅಪರೂಪಕ್ಕೆ ಕಾಣುವ ಜೋಡಿ. ಹಾಗಾಗಿ ಸಂಭಾಷಣೆಯಲ್ಲಿ ಆಡುಮಾತು ಬೇಕೆನಿಸಿದರೆ "ಬಾ", "ಬೇಡ", "ಹೋಗೋಣ", "ಏನೋ ಅದು?" ಎಂಬಂಥ ಒತ್ತಿಲ್ಲದ ಮಾತುಗಳನ್ನು ಆರಿಸಿ, ನಿರೂಪಣೆ ಬರಹದ ಕನ್ನಡದಲ್ಲಿರಲಿ.

ಒತ್ತಕ್ಷರಗಳಿಗೆ ಲೆಕ್ಕ ಇಟ್ಟುಕೊಳ್ಳಿ. "ಅಮ್ಮ, ಅಜ್ಜಿ, ಅಕ್ಕ, ಇಲ್ಲ, ಬೆಕ್ಕು" ಇಂಥ ಸಜಾತೀಯ ಒತ್ತುಗಳು ಪುಟಕ್ಕೆ ಐದಾರು ಇರಲಿ, ತೊಂದರೆಯಿಲ್ಲ. ವಿಜಾತೀಯ ಒತ್ತು, ಅಂದರೆ ಬೇರೆ ಅಕ್ಷರದ ಒತ್ತು, ಪುಟಕ್ಕೆ ಒಂದೆರಡು ಸಾಕು. "ರಾಷ್ಟ್ರ, ಸ್ವಾತಂತ್ರ್ಯ" ಥರದ ಮೂರು ವ್ಯಂಜನದ ಗಂಟು ಈ ಪುಸ್ತಕಕ್ಕೆ ಬೇಡವೇ ಬೇಡ. ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಮೂಲ ಅಕ್ಷರಕ್ಕೂ ಆಕಾರದಲ್ಲಿ ಹೋಲಿಕೆಯಿಲ್ಲ. ಉಳಿದವು ಹೆಚ್ಚುಕಡಿಮೆ ಮೂಲ ಅಕ್ಷರದ ಚಿಕ್ಕ ರೂಪ. ಎಡವುವುದು ಹೆಚ್ಚಾಗಿ ಈ ಆರರಲ್ಲೇ, ಅದಕ್ಕೆ ಇವು ಬರುವ ಪದಗಳನ್ನು ಮತ್ತೆ ಮತ್ತೆ ತನ್ನಿ.

ಇನ್ನೂ ಕಾಗುಣಿತದಲ್ಲೇ ಇರುವ ಮಕ್ಕಳಿಗೆ ಪುಸ್ತಕ ಮಾಡುವುದಾದರೆ ಸರ್ಕಾರಿ ಶಾಲೆಗಳ ನಲಿಕಲಿ ಎಂಬ ಕಲಿಕೆಯ ಕ್ರಮ ದಾರಿ ತೋರಿಸುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಅ, ಆ, ಇ, ಈ ಸಾಲಿನಲ್ಲಿ ಹೋಗದೆ ರ, ಗ, ಸ, ದ, ಅ ಗುಂಪಿನಿಂದ ಅಕ್ಷರ ಕಲಿಸಿತು. ಐದೇ ಅಕ್ಷರ ಬಂದರೂ ಅರ, ಸರ, ಅಗಸ, ಸರಸರ ಎಂದು ಪದ ಓದಬಹುದು. ಕೆಲವೇ ಅಕ್ಷರಗಳಲ್ಲಿ ಕತೆ ಕಟ್ಟಬಲ್ಲ ಲೇಖಕರು ಸಿಕ್ಕರೆ ಬಿಡಬೇಡಿ.

ಮಗು ದಿನವೂ ಆಡುವ, ಆದರೆ ಬರಹದಲ್ಲಿ ಗಂಟಾಗಿರುವ ಪದಗಳೂ ಇವೆ: ಕ್ರಿಕೆಟ್, ಮೆಟ್ರೋ, ಟ್ರಾಫಿಕ್. ಕತೆಗೆ ಬೇಕಾದರೆ ಬಳಸಿ, ಬದಲಿಗೆ ಯಾರೂ ಆಡದ ಪದ ತಂದು ಹಾಕಬೇಡಿ. ಪುಸ್ತಕಕ್ಕೆ ಇಂಥ ಮೂರು ನಾಲ್ಕು ಪದ ಸಾಕು, ಒಂದೊಂದೂ ಕನಿಷ್ಠ ಏಳೆಂಟು ಸಲ ಬರಲಿ. ಮೊದಲ ಸಲ ತಡವರಿಸಿದ್ದು ಐದನೇ ಸಲಕ್ಕೆ ನೋಡಿದ ಕೂಡಲೇ ಗುರುತು ಸಿಗುತ್ತದೆ.

ಸರಳ ಮಾಡುವ ಭರದಲ್ಲಿ ಎರಡು ತಪ್ಪು ಆಗುತ್ತವೆ. ಒಂದು, "ಆದರೆ, ಆಗ, ಆಮೇಲೆ" ಇವನ್ನೆಲ್ಲ ಕತ್ತರಿಸಿ ಹಾಕುವುದು. ವಾಕ್ಯ ಚಿಕ್ಕದಾಗುತ್ತದೆ ನಿಜ, ಆದರೆ ಒಂದಕ್ಕೊಂದು ಸಂಬಂಧ ಕಟ್ಟುವ ಹೊರೆ ಮಗುವಿನ ಮೇಲೆ ಬೀಳುತ್ತದೆ. ಇನ್ನೊಂದು, ಕರ್ತೃ ಬಿಡುವುದು. ಕನ್ನಡದಲ್ಲಿ "ಹೊರಟ. ನೋಡಿದ. ಓಡಿದ." ಎಂದರೆ ವಾಕ್ಯ ಸರಿಯೇ, ಓಡಿದ್ದು ಯಾರು ಎಂಬುದು ಮಾತ್ರ ತಿಣುಕಿ ಓದುವ ಮಗುವಿನ ನೆನಪಿನಿಂದ ಜಾರುತ್ತದೆ. ಎರಡು ಮೂರು ವಾಕ್ಯಕ್ಕೊಮ್ಮೆ ಹೆಸರು ಬರಲಿ. ಎಲ್ಲ ವಾಕ್ಯವೂ ಮೂರೇ ಪದದ್ದಾದರೆ ಲಯ ಸಾಯುತ್ತದೆ, ನಾಲ್ಕರ ನಡುವೆ ಒಂದು ಏಳು ಪದದ ವಾಕ್ಯ ಇರಲೇಬೇಕು.

ಹಂತ 4: ಮಕ್ಕಳ ಮುಂದೆ ಇಟ್ಟು ನೋಡುವುದು

ಚಿತ್ರ ಬರೆಸುವ ಮೊದಲೇ ಇದು ಆಗಬೇಕು, ಚಿತ್ರಕ್ಕೆ ದುಡ್ಡು ಕೊಟ್ಟ ಮೇಲೆ ಕತೆ ಬದಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಸರ್ಕಾರಿ ಶಾಲೆ, ಬಡಾವಣೆಯ ಗ್ರಂಥಾಲಯ, ಸಂಜೆಯ ಟ್ಯೂಷನ್ ಎಲ್ಲಾದರೂ ಸರಿ, ಮುಖ್ಯೋಪಾಧ್ಯಾಯರ ಮತ್ತು ಪೋಷಕರ ಒಪ್ಪಿಗೆ ಪಡೆದು ಆರು ಮಕ್ಕಳೊಂದಿಗೆ ಒಬ್ಬೊಬ್ಬರಾಗಿ ಕೂರಿ. ಇಡೀ ತರಗತಿಯೆದುರು ಜೋರಾಗಿ ಓದಿಸಬೇಡಿ.

ಮಗುವಿಗೆ ಒಂದು ಪ್ರತಿ, ನಿಮಗೊಂದು. ತಪ್ಪಾಗಿ ಓದಿದ ಪದಕ್ಕೆ ಅಡಿಗೆರೆ, ಮೂರು ಸೆಕೆಂಡಿಗಿಂತ ಹೆಚ್ಚು ನಿಂತ ಕಡೆ ಚುಕ್ಕಿ, ಬಿಟ್ಟ ಪದಕ್ಕೆ ಸುತ್ತು ಹಾಕಿ. ನೂರು ಪದಕ್ಕೆ ಐದರೊಳಗೆ ತಪ್ಪಿದ್ದರೆ ಮಗು ಒಂಟಿಯಾಗಿ ಓದಬಲ್ಲದು. ಐದರಿಂದ ಹತ್ತಾದರೆ ಪಕ್ಕದಲ್ಲಿ ಯಾರಾದರೂ ಬೇಕು. ಹತ್ತು ದಾಟಿದರೆ ಬರಹ ಇನ್ನೂ ಭಾರವಿದೆ.

ಗುರುತುಗಳನ್ನು ಒಟ್ಟಿಗೆ ಹರಡಿ ನೋಡಿದರೆ ಕಾರಣ ತಿಳಿಯುತ್ತದೆ. ಒಂದೇ ಪದದಲ್ಲಿ ಮೂವರು ಎಡವಿದ್ದರೆ ಪದ ಬದಲಿಸಿ. ಸಾಲಿನ ಕೊನೆಯಲ್ಲೇ ಎಡವುತ್ತಿದ್ದರೆ ತೊಂದರೆ ಪುಟವಿನ್ಯಾಸದ್ದು. ಸರಾಗವಾಗಿ ಓದಿಯೂ "ಏನಾಯಿತು?" ಎಂದರೆ ಹೇಳಲಾಗದಿದ್ದರೆ ಕರ್ತೃ ಎಲ್ಲೋ ಕಳೆದುಹೋಗಿದ್ದಾನೆ. "ಕತೆ ಹೇಗಿದೆ?" ಎಂದು ಕೇಳಬೇಡಿ, ಎಲ್ಲ ಮಕ್ಕಳೂ "ಚೆನ್ನಾಗಿದೆ" ಎನ್ನುತ್ತಾರೆ. ನಡುವೆ ಒಂದು ಕಡೆ ಹಾಳೆ ತೆಗೆದುಕೊಂಡು ಸುಮ್ಮನಿರಿ. ಮುಂದೇನು ಎಂದು ಮಗುವೇ ಕೇಳಿದರೆ ಕತೆ ಗೆದ್ದಿದೆ.

ಹಂತ 5: ಅಕ್ಷರ ಮತ್ತು ಪುಟ

ಯೂನಿಕೋಡ್‌ನಲ್ಲೇ ಕೆಲಸ ಮಾಡಿ. ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ ಫಾಂಟುಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ಗೆರೆ ಸ್ಪಷ್ಟ. "ಬಾಲೂ ತಮ್ಮ" ಎಂಬ ಫಾಂಟ್ ಶೀರ್ಷಿಕೆಗೆ ಚೆನ್ನ, ಒಳಪುಟಕ್ಕೆ ದಪ್ಪವಾಯಿತು. ಫಾಂಟ್ ಆರಿಸುವಾಗ ಈ ಜೋಡಿಗಳನ್ನು ನಿಜವಾದ ಅಳತೆಯಲ್ಲಿ ಅಚ್ಚು ತೆಗೆದು ನೋಡಿ: ದ–ಧ, ಬ–ಭ, ಡ–ಢ, ಪ–ಷ, ಮ–ವ, ನ–ಸ, ಘ–ಫ. ಧ, ಭ, ಢಗಳನ್ನು ಬೇರೆ ಮಾಡುವುದು ಅಡಿಯಲ್ಲಿನ ಸಣ್ಣ ಸೀಳು. ದಪ್ಪ ಫಾಂಟಿನಲ್ಲಿ ಮಸಿ ಹರಡಿದರೆ ಆ ಸೀಳು ಮುಚ್ಚಿಹೋಗುತ್ತದೆ, ಮಗು "ಧನ"ವನ್ನು "ದನ" ಎಂದು ಓದಿದರೆ ತಪ್ಪು ಅದರದ್ದಲ್ಲ.

ಚಿಕ್ಕವರಿಗೆ 18 ಪಾಯಿಂಟ್, ಹತ್ತು ದಾಟಿದವರಿಗೆ 14. ಅದಕ್ಕಿಂತ ದೊಡ್ಡದಾದರೆ ಇದು ಚಿಕ್ಕ ಮಕ್ಕಳ ಪುಸ್ತಕ ಎಂಬ ಭಾವ ಬರುತ್ತದೆ. ಸಾಲಿನ ನಡುವಿನ ಅಂತರ ಅಕ್ಷರದಳತೆಯ ಒಂದೂವರೆ ಪಟ್ಟಿಗಿಂತ ಕಡಿಮೆ ಬೇಡ, 14ಕ್ಕೆ 22 ಇಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಿಗೆ ಐದಾರು ಪದ, ಪುಟಕ್ಕೆ ಹನ್ನೆರಡು ಸಾಲು. ಎಡಕ್ಕೆ ಸಮ, ಬಲಕ್ಕೆ ಬಿಟ್ಟಂತೆ ಇರಲಿ. ಎರಡೂ ಬದಿ ಸಮ ಮಾಡಿದರೆ ಕನ್ನಡದ ಉದ್ದ ಪದಗಳಿಂದಾಗಿ ನಡುವೆ ದೊಡ್ಡ ಕಂದಕಗಳು ಬೀಳುತ್ತವೆ. ಪದ ಒಡೆದು ಮುಂದಿನ ಸಾಲಿಗೆ ಹಾಕುವ ಸೌಲಭ್ಯವನ್ನು ಪೂರ್ತಿ ನಿಲ್ಲಿಸಿ. ಚಿತ್ರದ ಮೇಲೆ ಅಕ್ಷರ ಹಾಕಬೇಡಿ.

ಇನ್‌ಡಿಸೈನ್ ಎಂಬ ಪುಟವಿನ್ಯಾಸದ ತಂತ್ರಾಂಶ ಬಳಸುವವರು ಅದರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿದ್ದಾರೆಯೇ ನೋಡಿ, ಇಲ್ಲವಾದರೆ ಒತ್ತಕ್ಷರ ಒಡೆಯುತ್ತದೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದ ಹಸ್ತಪ್ರತಿಯನ್ನು ಯೂನಿಕೋಡ್‌ಗೆ ತಂದಾಗ ಅರ್ಕಾವತ್ತು, ದೀರ್ಘ, ಅಂಕಿಗಳನ್ನು ಒಂದೊಂದಾಗಿ ಪರೀಕ್ಷಿಸಿ. "ಬಸ್‌ಗೆ" ಎಂಬುದು "ಬಸ್ಗೆ" ಆಗುವುದು ಬಹಳ ಸಾಮಾನ್ಯ. ಅರ್ಧಾಕ್ಷರ ಬಿಡಿಯಾಗಿ ನಿಲ್ಲಲು ಹಾಕಿದ ಕಾಣದ ಚಿಹ್ನೆ ನಕಲು ಮಾಡುವಾಗ ಬಿದ್ದುಹೋಗಿರುತ್ತದೆ. ಕೊನೆಯ ಪಿಡಿಎಫ್ ಅನ್ನು ಪರದೆಯ ಮೇಲಲ್ಲ, ಕಾಗದದ ಮೇಲೆ, ಕತೆ ಗೊತ್ತಿಲ್ಲದ ಒಬ್ಬರಿಂದ ಓದಿಸಿ.

ಹಂತ 6: ಚಿತ್ರ ಮತ್ತು ಮುಖಪುಟ

ಹತ್ತು ದಾಟಿದವರ ಪುಸ್ತಕಕ್ಕೆ ಒಳಗೆ ಕಪ್ಪು ಬಿಳುಪಿನ ಚಿತ್ರ ಸಾಕು. ದೊಡ್ಡವರ ಕಾದಂಬರಿಯ ಗತ್ತು ಬರುತ್ತದೆ, ಖರ್ಚೂ ಇಳಿಯುತ್ತದೆ. ಚಿತ್ರ ಕಷ್ಟದ ಪದಕ್ಕೆ ಸುಳಿವು ಕೊಡಲಿ, ಮುಂದಿನ ಪುಟದ ಗುಟ್ಟು ಬಿಟ್ಟುಕೊಡದಿರಲಿ. ಪಾತ್ರಗಳು ಓದುವ ಮಗುವಿಗಿಂತ ಒಂದೆರಡು ವರ್ಷ ದೊಡ್ಡವರಂತೆ ಕಾಣಲಿ. "ಸುಲಭ ಓದು", "2ನೇ ತರಗತಿ ಮಟ್ಟ" ಎಂದು ಎಲ್ಲೂ ಅಚ್ಚು ಮಾಡಬೇಡಿ. ಶಿಕ್ಷಕರಿಗೆ ಗುರುತು ಬೇಕಾದರೆ ಹಿಂಬದಿಯ ಮೂಲೆಯಲ್ಲಿ ಒಂದು ಬಣ್ಣದ ಚುಕ್ಕಿ ಇಡಿ.

ಹಂತ 7: ಮುದ್ರಣ

ಆಫ್‌ಸೆಟ್‌ನಲ್ಲಿ ಮಡಿಸಿದ ಒಂದು ಹಾಳೆಗೆ 16 ಪುಟದ ಫಾರಂ ಲೆಕ್ಕ, ಹಾಗಾಗಿ 32, 48, 64 ಹೀಗೆ ಯೋಜಿಸಿ. ಹದಿಹರೆಯದ ಹತ್ತಿರದವರಿಗೆ ಡೆಮಿ ಅಷ್ಟಮ ಅಳತೆಯಲ್ಲಿ 64 ಪುಟ ಒಪ್ಪುತ್ತದೆ: ಒಂಬತ್ತು ಅಧ್ಯಾಯ, ತಲಾ ಆರು ಪುಟ, ಅಧ್ಯಾಯಕ್ಕೆ ಸುಮಾರು 300 ಪದ, ಉಳಿದ ಹತ್ತು ಪುಟ ಶೀರ್ಷಿಕೆ, ವಿವರ, ಚಿತ್ರಗಳಿಗೆ. 100 ಜಿಎಸ್‌ಎಂ ಮ್ಯಾಪ್‌ಲಿಥೋದಲ್ಲಿ ಸುಮಾರು ನಾಲ್ಕು ಮಿಲಿಮೀಟರ್ ಬೆನ್ನು ಬರುತ್ತದೆ. ಬೆನ್ನಿರುವ ಪುಸ್ತಕ ಓದಿ ಮುಗಿಸಿದೆ ಎನ್ನುವುದು ಈ ಮಕ್ಕಳಿಗೆ ದೊಡ್ಡ ಸಂಗತಿ. 32 ಪುಟಕ್ಕೆ ಸೆಂಟರ್ ಪಿನ್ ಸಾಕು.

ಕಾಗದ ಕೆನೆಬಣ್ಣದ್ದಿರಲಿ. ಹೊಳೆಯುವ ಆರ್ಟ್ ಪೇಪರ್ ಟ್ಯೂಬ್‌ಲೈಟಿನ ಕೆಳಗೆ ಕಣ್ಣು ಕುಕ್ಕುತ್ತದೆ. ಆರಿಸಿದ ಹಾಳೆಯನ್ನು ದಪ್ಪಕ್ಷರದ ಪುಟದ ಮೇಲಿಟ್ಟು ನೋಡಿ, ಕೆಳಗಿನದು ಓದಲು ಬಂದರೆ ಆ ಕಾಗದ ಬೇಡ. ಹಿಂಬದಿಯ ಅಕ್ಷರ ಕಂಡರೆ ಒತ್ತು ಯಾವುದು, ನೆರಳು ಯಾವುದು ಎಂದು ಮಗು ಗೊಂದಲಕ್ಕೆ ಬೀಳುತ್ತದೆ. ಮುಖಪುಟಕ್ಕೆ 300 ಜಿಎಸ್‌ಎಂ ಬೋರ್ಡು, ಮ್ಯಾಟ್ ಲ್ಯಾಮಿನೇಷನ್.

ಪ್ರೆಸ್‌ಗೆ ಮೂರು ಮಾತು ಬರಹದಲ್ಲಿ ಕೊಡಿ. ಅಕ್ಷರಗಳು ಕಪ್ಪು ಪ್ಲೇಟಿನಲ್ಲಿ ಮಾತ್ರ ಇರಬೇಕು, ನಾಲ್ಕೂ ಬಣ್ಣ ಸೇರಿಸಿದ ಕಪ್ಪಾದರೆ ಪ್ಲೇಟು ಕೂದಲೆಳೆಯಷ್ಟು ಸರಿದರೂ ಒತ್ತಕ್ಷರ ಮಸುಕಾಗುತ್ತದೆ. ಕಾಗದದ ಎಳೆ ಬೆನ್ನಿಗೆ ಸಮಾನಾಂತರವಾಗಿರಬೇಕು, ಇಲ್ಲವಾದರೆ ಪುಟ ಸೆಟೆದು ನಿಲ್ಲುತ್ತದೆ. ಗ್ರಂಥಾಲಯಕ್ಕೆ ಹೋಗುವ ಪ್ರತಿಗಳಿಗೆ ಬರೀ ಅಂಟು ಸಾಲದು, ಹೊಲಿಗೆ ಬೈಂಡಿಂಗ್ ಬೇಕು. ಒಂದು ಖಾಲಿ ಡಮ್ಮಿ ಮಾಡಿಸಿಕೊಂಡು ನೂರು ಸಲ ಅಗಲಿಸಿ ನೋಡಿ. 300ರ ಆಸುಪಾಸಿಗೆ ಡಿಜಿಟಲ್, ಸಾವಿರ ದಾಟಿದರೆ ಆಫ್‌ಸೆಟ್ ಸಾಮಾನ್ಯವಾಗಿ ಲಾಭ. ದರ ಕನಿಷ್ಠ ಮೂರು ಕಡೆ ವಿಚಾರಿಸಿ.

ಹಂತ 8: ಕಾಗದಪತ್ರ ಮತ್ತು ಬೆಲೆ

ಲೇಖಕರು, ಚಿತ್ರಕಾರರು ಇಬ್ಬರೊಂದಿಗೂ ಬರಹದ ಒಪ್ಪಂದ ಇರಲಿ. ಹಕ್ಕು ವರ್ಗಾಯಿಸಿಕೊಳ್ಳುವಾಗ ಅವಧಿ ಬರೆಯದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದು ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಸೀಮಿತ. ಆಡಿಯೋ ಮತ್ತು ಇ-ಪುಸ್ತಕದ ಹಕ್ಕನ್ನು ಬೇರೆಯಾಗಿ ನಮೂದಿಸಿ. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತು ಸಂಖ್ಯೆಯನ್ನು ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಸಂಸ್ಥೆ ಆನ್‌ಲೈನಿನಲ್ಲಿ ಶುಲ್ಕವಿಲ್ಲದೆ ಕೊಡುತ್ತದೆ, ಮುಖಪುಟ ಅಂತಿಮವಾಗುವುದಕ್ಕೆ ಸಾಕಷ್ಟು ಮೊದಲೇ ಅರ್ಜಿ ಹಾಕಿ. 1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು.

ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಆದರೆ ಕಾಗದ, ಮುದ್ರಣದ ಬಿಲ್ಲಿನಲ್ಲಿ ಕಟ್ಟಿದ್ದು ವಾಪಸ್ ಬರುವುದಿಲ್ಲ, ಖರ್ಚಿಗೇ ಸೇರಿಸಿ. ಲೆಕ್ಕ ತೋರಿಸಲು ಒಂದು ಉದಾಹರಣೆ: ಬೆಲೆ 100 ರೂಪಾಯಿ, ಅಂಗಡಿಯ ರಿಯಾಯಿತಿ 40, ಲೇಖಕರ ಗೌರವಧನ 10, ಮುದ್ರಣ 30. ಉಳಿದದ್ದು 20. ಚಿತ್ರ, ಅಕ್ಷರಜೋಡಣೆ (ಡಿಟಿಪಿ), ಸಂಪಾದನೆಗೆ 40,000 ಆಗಿದ್ದರೆ 2,000 ಪ್ರತಿ ಮಾರಿದ ಮೇಲಷ್ಟೇ ಹಾಕಿದ ದುಡ್ಡು ಕೈಗೆ ಬರುತ್ತದೆ. ಸಾವಿರ ಪ್ರತಿಯ ಮೇಲೆ ಆಸೆ ಇಟ್ಟು ಬೆಲೆ ಇಳಿಸಿದರೆ ಎರಡನೇ ಪುಸ್ತಕಕ್ಕೆ ಬಂಡವಾಳವಿರುವುದಿಲ್ಲ.

ಹಂತ 9: ಮಗುವಿನ ಕೈಗೆ

ಗಾಂಧಿನಗರದ ಸಪ್ನ, ಗಾಂಧಿಬಜಾರಿನ ಅಂಕಿತ, ನವಕರ್ನಾಟಕದ ಮಳಿಗೆಗಳಲ್ಲಿ ಪುಸ್ತಕ ಇರಬೇಕು ನಿಜ. ಆದರೆ ಓದಲು ಹಿಂಜರಿಯುವ ಮಗು ಅಂಗಡಿಗೆ ಬರುವುದಿಲ್ಲ, ಶಿಕ್ಷಕರೇ ನಿಮ್ಮ ನಿಜವಾದ ಗಿರಾಕಿ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಪುಸ್ತಕ ಆಯ್ಕೆಗೆ ಪ್ರಕಟಣೆ ಹೊರಡಿಸುತ್ತದೆ, ಕನ್ನಡ ಪುಸ್ತಕ ಪ್ರಾಧಿಕಾರದ ಯೋಜನೆಗಳೂ ಇವೆ. ಎರಡರ ಪ್ರಕಟಣೆಗಳ ಮೇಲೂ ಕಣ್ಣಿಡಿ, ಪ್ರಕಟಣೆಯ ವರ್ಷ ಮತ್ತು ಪ್ರತಿಗಳ ಸಂಖ್ಯೆಯ ಷರತ್ತನ್ನು ಗಮನವಿಟ್ಟು ಓದಿ. ಇಲಾಖೆಯ ಹಣ ಬರಲು ತಡವಾಗಬಹುದು, ಅದನ್ನು ನಂಬಿ ಪ್ರೆಸ್‌ಗೆ ದಿನಾಂಕ ಕೊಡಬೇಡಿ.

ಶಾಲೆಗೆ ಮೂವತ್ತು ಬೇರೆ ಬೇರೆ ಪುಸ್ತಕ ಒಂದೊಂದು ಪ್ರತಿ ಕೊಡುವುದಕ್ಕಿಂತ ಆರು ಪುಸ್ತಕ ಐದೈದು ಪ್ರತಿ ಕೊಡಿ. ಐವರು ಒಂದೇ ಕತೆ ಓದಿದಾಗ ಊಟದ ಬಿಡುವಿನಲ್ಲಿ ಮಾತು ಹುಟ್ಟುತ್ತದೆ, ಆರನೆಯವನು ತಾನಾಗಿಯೇ ಕೇಳಿ ಪಡೆಯುತ್ತಾನೆ. ಒಳರಕ್ಷಾಪುಟದಲ್ಲಿ ಕ್ಯೂಆರ್ ಕೋಡ್ ಹಾಕಿ ಇಡೀ ಕತೆಯ ಓದನ್ನು ಕೇಳಿಸಿ. ಓದುವ ದನಿ ಸಹಜ ವೇಗದ್ದಿರಲಿ, ಪ್ರತಿ ಪುಟದ ಕೊನೆಗೆ ಎರಡು ಸೆಕೆಂಡು ಬಿಡುವು ಇರಲಿ, ಬೆರಳಿಟ್ಟು ಹಿಂಬಾಲಿಸುವ ಮಗುವಿಗೆ ಪುಟ ಮಗುಚಲು ಸಮಯ ಬೇಕು. ಶಾಲೆ ಶುರುವಾಗುವ ಜೂನ್ ಮತ್ತು ರಾಜ್ಯೋತ್ಸವದ ನವೆಂಬರ್ ಎರಡೂ ಪುಸ್ತಕ ತಲುಪಿಸಲು ಒಳ್ಳೆಯ ತಿಂಗಳು.

ಆರು ತಿಂಗಳ ಮೇಲೆ ಅದೇ ಶಾಲೆಗಳಿಗೆ ಹೋಗಿ ಪ್ರತಿಗಳನ್ನು ಕೈಗೆತ್ತಿಕೊಂಡು ನೋಡಿ. ಮೊದಲ ಹತ್ತು ಪುಟ ಮಾಸಿ ಉಳಿದವು ಹೊಸದಾಗಿಯೇ ಇದ್ದರೆ ಓದು ಎಲ್ಲಿ ನಿಂತಿತು ಎಂಬುದು ಅಲ್ಲೇ ಕಾಣುತ್ತದೆ. ಆ ಅಧ್ಯಾಯವನ್ನು ಮತ್ತೆ ಆರು ಮಕ್ಕಳಿಂದ ಓದಿಸಿ, ತಿದ್ದಿ, ಮರುಮುದ್ರಣಕ್ಕೆ ಕೊಡಿ. ಸಣ್ಣಪುಟ್ಟ ತಿದ್ದುಪಡಿಗೆ ಹಳೆಯ ಐಎಸ್‌ಬಿಎನ್ ನಡೆಯುತ್ತದೆ. ಅಧ್ಯಾಯಗಳನ್ನೇ ಬದಲಿಸಿ ಪರಿಷ್ಕೃತ ಆವೃತ್ತಿ ತಂದರೆ ಹೊಸದನ್ನು ಪಡೆಯಬೇಕು.